ಮನೆಯಲ್ಲೇ ಕಟ್ಟುವ ಮ್ಯೂಸಿಕ್ ಪ್ಲೇಯರ್: ಯಾರ ಕೈಗೆ ಯಾವ ಬೋರ್ಡು, ಯಾವ ನಾಬು

ಊರಿನಿಂದ ತಂದಿಟ್ಟುಕೊಂಡ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನೂ ದಾಸರ ಪದಗಳನ್ನೂ ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಏಳುವ ಪ್ರಶ್ನೆ, ಮನೆಯ ಹಿರಿಯರು ಇನ್ನು ಮುಂದೆ ಅವನ್ನು ಕೇಳುವುದು ಹೇಗೆ ಎಂಬುದು. ಮೊಬೈಲಿನ ಗಾಜಿನ ಮೇಲೆ ಬೆರಳು ಎಲ್ಲಿಗೋ ತಗಲಿ ಇನ್ನೇನೋ ತೆರೆದುಕೊಳ್ಳುತ್ತದೆ. ಪ್ರಸಂಗ ಕಾವೇರಿದ ಹೊತ್ತಿಗೆ ಸಾಲ ಬೇಕೇ ಎಂದು ಕೇಳುವ ಕರೆ ಬರುತ್ತದೆ. ಟೇಪ್ ರೆಕಾರ್ಡರಿನ ಗುಂಡಿಗಳನ್ನು ಉಳಿಸಿಕೊಂಡು, ಒಳಗೆ ಮಾತ್ರ ಮೆಮೊರಿ ಕಾರ್ಡು ಇರುವ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಕಟ್ಟುವುದು ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಆಯ್ಕೆಯಲ್ಲಿ. ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಎಂಪಿ3 ಮಾಡ್ಯೂಲಿನಿಂದ ಹಿಡಿದು ಲಿನಕ್ಸ್ ಓಡಿಸುವ ಪೂರ್ಣ ಕಂಪ್ಯೂಟರಿನವರೆಗೆ ಎಲ್ಲವೂ ಒಂದೇ ಕೌಂಟರಿನ ಮೇಲೆ ಸಿಗುತ್ತವೆ, ಮತ್ತು ಯಾವುದನ್ನು ತೋರಿಸಿ ಕೇಳಿದರೂ ಅಂಗಡಿಯವರು ‘ಚಲೇಗಾ’ ಎನ್ನುತ್ತಾರೆ.

ಇಂಥ ಹೋಲಿಕೆಗಳು ಸಾಮಾನ್ಯವಾಗಿ ಧ್ವನಿಯ ಗುಣಮಟ್ಟದಿಂದ ಆರಂಭವಾಗುತ್ತವೆ: ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್ ಎಂದು. ನನ್ನ ದೃಷ್ಟಿಯಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮೃದಂಗದ ಸದ್ದಿನಲ್ಲಿ ಈ ಅಂಕಿಗಳು ತರುವ ವ್ಯತ್ಯಾಸ ಕಿವಿಗೆ ಸಿಗುವಂಥದ್ದಲ್ಲ. ಮೊದಲು ಕೇಳಬೇಕಾದವು ಎರಡು. ಆರಿಸಿ ಮತ್ತೆ ಹಾಕಿದಾಗ ಪ್ಲೇಯರು ಎಲ್ಲಿಂದ ಶುರುವಾಗಬೇಕು? ಅದನ್ನು ದಿನವೂ ಮುಟ್ಟುವ ಕೈ ಯಾರದು? ಇವೆರಡಕ್ಕೆ ಸ್ಪಷ್ಟ ಉತ್ತರವಿದ್ದರೆ ಬೋರ್ಡಿನ ಆಯ್ಕೆ ಬಹುಪಾಲು ತಾನಾಗಿಯೇ ಆಗಿಬಿಡುತ್ತದೆ.

ಕಟ್ಟದೆಯೇ ಮುಗಿಯುವುದಾದರೆ

ಹಳೆಯ ಚಿತ್ರಗೀತೆಗಳಷ್ಟೇ ಸಾಕು ಎನ್ನುವವರು ಏನನ್ನೂ ಕಟ್ಟಬೇಕಾಗಿಲ್ಲ. ಸರಿಗಮ ಸಂಸ್ಥೆ 2017ರಲ್ಲಿ ತಂದ ಕಾರವಾನ್ ಮಾದರಿಯ, ಹಾಡುಗಳನ್ನು ಮೊದಲೇ ತುಂಬಿಟ್ಟ ಪ್ಲೇಯರುಗಳು ಈ ಅಗತ್ಯಕ್ಕೆಂದೇ ಇರುವಂಥವು. ಡೊಂಬಿವಲಿಯಿಂದ ಸಿಎಸ್‌ಎಂಟಿಯವರೆಗೆ ಲೋಕಲ್ಲಿನಲ್ಲಿ ನಿಂತೇ ಹೋಗುವವರು, ಕಿಸೆಯಿಂದ ತೆಗೆಯದೆ ಬೆರಳಿನಿಂದಲೇ ತಡವಿ ಒತ್ತುವ ಗುಂಡಿ ಬೇಕೆನ್ನುವುದಾದರೂ ಕಟ್ಟುವುದಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಕಿಸೆಯ ಗಾತ್ರಕ್ಕೆ ಬ್ಯಾಟರಿ, ಚಾರ್ಜರು, ಹೆಡ್‌ಫೋನ್ ಆಂಪ್ಲಿಫೈಯರುಗಳನ್ನು ಕೈಯಿಂದ ಹೊಂದಿಸುವುದು ಬಹಳ ತಾಳ್ಮೆಯ ಕೆಲಸ. ಡ್ರಾಯರಿನಲ್ಲಿ ಹಳೆಯ ಐಪಾಡ್ ಕ್ಲಾಸಿಕ್ ಅಥವಾ ಸ್ಯಾನ್‌ಡಿಸ್ಕ್ ಕ್ಲಿಪ್ ಪ್ಲಸ್ ಬಿದ್ದಿದ್ದರೆ ಅದಕ್ಕೆ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡರೆ ಗುಣಮಟ್ಟ ಕುಂದದಂತೆ ಕುಗ್ಗಿಸಿದ ಫ್ಲ್ಯಾಕ್ ಫೈಲುಗಳೂ ನಡೆಯುತ್ತವೆ, ನಿಲ್ಲಿಸಿದ ಜಾಗದ ಗುರುತೂ ಉಳಿಯುತ್ತದೆ. ಆದ್ದರಿಂದ ಮುಂದಿನ ಮಾತೆಲ್ಲ ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ದೇವರ ಕೋಣೆಯ ಪಕ್ಕದಲ್ಲಿ ಕೂರುವ ಪ್ಲೇಯರಿನ ಬಗ್ಗೆ.

ಮೂರು ಬೋರ್ಡುಗಳು

ಅತ್ಯಂತ ಅಗ್ಗದ ದಾರಿ ಡಿಎಫ್‌ಪ್ಲೇಯರ್ ಮಿನಿ. ಎರಡು ಸೆಂಟಿಮೀಟರ್ ಚೌಕದ ಈ ಹಲಗೆಯಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ಗೂಡು, ಎಂಪಿ3 ಬಿಡಿಸುವ ಚಿಪ್ಪು, 3 ವ್ಯಾಟಿನ ಮೋನೋ ಆಂಪ್ಲಿಫೈಯರು ಮೂರೂ ಇರುತ್ತವೆ. 32 ಜಿಬಿವರೆಗಿನ ಕಾರ್ಡನ್ನು ಇದು ಓದುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆದರೆ ಅಷ್ಟರಲ್ಲಿ ಸುಮಾರು 550 ಗಂಟೆಗಳ ಧ್ವನಿ ಹಿಡಿಸುತ್ತದೆ, ಅಂದರೆ ಯಾವ ಮನೆಯ ಕ್ಯಾಸೆಟ್ ಸಂಗ್ರಹಕ್ಕೂ ಸಾಕು. ಇದಕ್ಕೆ ಒಂದು ಸಾಲು ಕೋಡ್ ಕೂಡ ಬರೆಯಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಆಕರ್ಷಣೆ. ಎರಡು ಪಿನ್ನುಗಳಿಗೆ ಎರಡು ಗುಂಡಿಗಳನ್ನು ಬೆಸೆದು ಇನ್ನೊಂದು ತುದಿಯನ್ನು ಗ್ರೌಂಡಿಗೆ ಕೊಟ್ಟರೆ ಹಿಂದಿನ ಹಾಡು, ಮುಂದಿನ ಹಾಡು ಎರಡೂ ಸಿದ್ಧ. ಬೇರೆ ಬೇರೆ ಬೆಲೆಯ ರೆಸಿಸ್ಟರುಗಳನ್ನು ಬಳಸಿದರೆ ಇನ್ನೆರಡು ಪಿನ್ನುಗಳ ಮೂಲಕ ಇಪ್ಪತ್ತು ಗುಂಡಿಗಳವರೆಗೆ ಹೋಗಬಹುದು.

ಆದರೆ ಆ ಎರಡು ಗುಂಡಿಗಳಲ್ಲೇ ಒಂದು ತೊಡಕಿದೆ. ಸ್ವಲ್ಪ ಹೊತ್ತು ಒತ್ತಿದರೆ ಹಾಡು ಬದಲಾಗುತ್ತದೆ, ಹೆಚ್ಚು ಹೊತ್ತು ಒತ್ತಿ ಹಿಡಿದರೆ ಅದೇ ಗುಂಡಿ ವಾಲ್ಯೂಮನ್ನು ಬದಲಿಸುತ್ತದೆ. ಎಪ್ಪತ್ತು ದಾಟಿದವರು ಗುಂಡಿಯನ್ನು ಥಟ್ಟನೆ ಒತ್ತಿ ಬಿಡುವುದಿಲ್ಲ. ಒತ್ತಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡುತ್ತ ಬೆರಳನ್ನು ಅಲ್ಲೇ ಇಟ್ಟಿರುತ್ತಾರೆ. ಹಾಡು ಬದಲಾಗುವ ಬದಲು ಸದ್ದು ಏರುತ್ತ ಹೋಗುತ್ತದೆ, ಗಾಬರಿಯಿಂದ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಾರೆ. ಹಿರಿಯರಿಗಾಗಿ ಕಟ್ಟುವವರು ಆ ಎರಡು ಪಿನ್ನುಗಳನ್ನು ಬಿಟ್ಟು, ಕೋಡ್ ಓಡಿಸುವ ಪುಟ್ಟ ಕಂಟ್ರೋಲರೊಂದನ್ನು ಜೊತೆಗಿಟ್ಟು, ಅದರ ಮೂಲಕ ಒಂದೊಂದು ಗುಂಡಿಗೆ ಒಂದೇ ಕೆಲಸ ಕೊಡುವುದು ಒಳಿತು.

ಇನ್ನೊಂದು ಎಚ್ಚರಿಕೆ: ಇದು ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸುವುದಿಲ್ಲ, ಕಾರ್ಡಿಗೆ ನಕಲಾದ ಕ್ರಮದಲ್ಲಿ ನುಡಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಆಯ್ದು ಎಳೆದುಹಾಕಿದರೆ ಎರಡನೆಯ ಭಾಗ ಮೊದಲು ಬಂದು ಸಂಧಿ ಮುಗಿದ ಮೇಲೆ ಪೀಠಿಕೆ ಕೇಳಿಸಬಹುದು. ಖಾಲಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಫೈಲುಗಳನ್ನು ಕ್ರಮವಾಗಿ ಒಂದೊಂದಾಗಿ ಹಾಕುವುದೇ ಕ್ಷೇಮ. ಆ್ಯಪಲ್ ಕಂಪ್ಯೂಟರಿನಿಂದ ನಕಲು ಮಾಡಿದರೆ ಕಣ್ಣಿಗೆ ಕಾಣದ ಪುಟ್ಟ ಫೈಲುಗಳೂ ಜೊತೆಗೆ ಸೇರಿ ಎಣಿಕೆ ತಪ್ಪುತ್ತದೆ, ಅವನ್ನು ಅಳಿಸಬೇಕು. ಮಾರುಕಟ್ಟೆಯಲ್ಲಿ ಇದೇ ಹೆಸರಿನಲ್ಲಿ ಬೇರೆ ಚಿಪ್ಪಿನ ಹಲಗೆಗಳೂ ಇರುವುದರಿಂದ, ಕಂಟ್ರೋಲರ್ ಜೋಡಿಸುವ ಯೋಚನೆಯಿದ್ದರೆ ಚಿಪ್ಪಿನ ಮೇಲಿನ ಬರಹ ನೋಡಿ ಕೊಳ್ಳುವುದು ಲೇಸು, ಏಕೆಂದರೆ ಎಲ್ಲವೂ ಎಲ್ಲ ಆಜ್ಞೆಗಳಿಗೂ ಒಂದೇ ರೀತಿ ಉತ್ತರಿಸುವುದಿಲ್ಲ.

ಎರಡನೆಯದು ಇಎಸ್‌ಪಿ32. ಇದು ಪ್ಲೇಯರಲ್ಲ, 240 ಮೆಗಾಹರ್ಟ್ಸಿನಲ್ಲಿ ಓಡುವ ಎರಡು ಕೋರುಗಳ ಮೈಕ್ರೋಕಂಟ್ರೋಲರು. ಅದನ್ನು ಪ್ಲೇಯರಾಗಿಸುವ ಕೋಡನ್ನು ನಾವೇ ಬರೆಯಬೇಕು ಅಥವಾ ಸಿದ್ಧ ಲೈಬ್ರರಿಗಳ ಮೇಲೆ ಕಟ್ಟಬೇಕು. ಎಂಪಿ3, ಎಎಸಿ, ಫ್ಲ್ಯಾಕ್ ಮೂರನ್ನೂ ಇದು ಬಿಡಿಸಬಲ್ಲದು, ಸ್ವಿಚ್ಚು ಹಾಕಿದ ಕ್ಷಣದಲ್ಲೇ ಎದ್ದು ಕೂರುತ್ತದೆ, ಕರೆಂಟು ಹೋದರೆ ಕೆಡುವುದಿಲ್ಲ. ಬ್ಲೂಟೂತ್ ಸ್ಪೀಕರಿಗೆ ಹಾಡು ಕಳಿಸುವ ಉದ್ದೇಶವಿದ್ದರೆ ಮೂಲ ಇಎಸ್‌ಪಿ32ನ್ನೇ ಕೊಳ್ಳಬೇಕು. ಅದಕ್ಕಿಂತ ಹೊಸದಾದ ಎಸ್3 ಮಾದರಿಯಲ್ಲಿ ಹಾಡು ಸಾಗಿಸುವ ಹಳೆಯ ಬಗೆಯ ಬ್ಲೂಟೂತ್ ಇಲ್ಲ, ಕಡಿಮೆ ಶಕ್ತಿಯ ಬಗೆ ಮಾತ್ರ ಇದೆ. ‘ಹೊಸದು, ಮೆಮೊರಿ ಜಾಸ್ತಿ’ ಎಂದು ಎಸ್3 ಕೊಂಡು ಬಂದ ಮೇಲೆ ಇದು ತಿಳಿಯುವುದು ಬೇಸರದ ಸಂಗತಿ. ಸಂಗೀತಕ್ಕೆ ತಂತಿಯ ಸ್ಪೀಕರೇ ಸಾಕು ಎನ್ನುವವರಿಗೆ ಮಾತ್ರ ಎಸ್3 ನಿಜಕ್ಕೂ ಉತ್ತಮ.

ಮೂರನೆಯದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ. 2021ರ ಅಕ್ಟೋಬರಿನಲ್ಲಿ 15 ಡಾಲರಿಗೆ ಬಿಡುಗಡೆಯಾದ ಈ ಬೋರ್ಡಿನಲ್ಲಿ ನಾಲ್ಕು ಕೋರುಗಳು, 512 ಎಂಬಿ ಮೆಮೊರಿ ಇವೆ. ಹೆಡ್‌ಫೋನಿನ ತೂತು ಮಾತ್ರ ಇಲ್ಲ, ಧ್ವನಿಗೆ ಬೇರೆ ಮಾಡ್ಯೂಲು ಬೇಕೇ ಬೇಕು. ಮೇಲೆ ಹೇಳಿದ ಎರಡಕ್ಕಿಂತ ಬೆಲೆ ಹಲವು ಪಟ್ಟು. ಆದರೆ ಇದು ಪೂರ್ಣ ಲಿನಕ್ಸ್ ಯಂತ್ರವಾದ್ದರಿಂದ ಎಂಪಿಡಿ, ವಾಲ್ಯೂಮಿಯೋ, ಮೂಡ್ ಮುಂತಾದ, ಸಂಗೀತ ನುಡಿಸುವ ಸಿದ್ಧ ತಂತ್ರಾಂಶಗಳು ಹಾಗೆಯೇ ಓಡುತ್ತವೆ, ಇಂಟರ್ನೆಟ್ ರೇಡಿಯೋ ಬರುತ್ತದೆ, ಮಂಗಳೂರಿನಲ್ಲಿ ಕುಳಿತ ತಮ್ಮ ಹೊಸ ಧ್ವನಿಮುದ್ರಣವನ್ನು ನೇರವಾಗಿ ಮುಂಬಯಿಯ ಪೆಟ್ಟಿಗೆಗೆ ಕಳುಹಿಸುವಂತೆಯೂ ಮಾಡಬಹುದು. ತೆರಬೇಕಾದ ಬೆಲೆ ಎಂದರೆ, ಸ್ವಿಚ್ಚು ಹಾಕಿದ ಮೇಲೆ ಅರ್ಧ ನಿಮಿಷದ ಆಸುಪಾಸು ಕಾಯಬೇಕು ಮತ್ತು ಆರಿಸುವಾಗ ಅದಕ್ಕೆ ಹೇಳಿಯೇ ಆರಿಸಬೇಕು.

ರಾಸ್ಪ್‌ಬೆರಿ ಪೈ ಪಿಕೋದಲ್ಲೂ ಪ್ಲೇಯರು ಕಟ್ಟಲು ಬರುತ್ತದೆ. ಆದರೆ ಇಎಸ್‌ಪಿ32ಗೆ ಸಿದ್ಧವಿರುವಷ್ಟು ಸಂಗೀತದ ಲೈಬ್ರರಿಗಳು ಅದಕ್ಕಿಲ್ಲದ ಕಾರಣ, ಕಲಿಯುವ ಹುಮ್ಮಸ್ಸು ಇಲ್ಲದಿದ್ದರೆ ಅದನ್ನು ಬಿಡಬಹುದು.

ನಿಲ್ಲಿಸಿದಲ್ಲಿಂದಲೇ ಮುಂದುವರಿಯುವುದು

ಮೂರು ನಿಮಿಷದ ಭಾವಗೀತೆ ಕೇಳುವವರಿಗೆ ಇದು ವಿಷಯವೇ ಅಲ್ಲ. ಮೂರು ಗಂಟೆಯ ತಾಳಮದ್ದಳೆ ಕೇಳುವವರಿಗೆ ಇದೊಂದೇ ವಿಷಯ. ಊಟದ ಹೊತ್ತಿಗೆ ಆರಿಸಿದ ಪ್ರಸಂಗ ಸಂಜೆ ಮತ್ತೆ ಗಣಪತಿ ಸ್ತುತಿಯಿಂದ ಶುರುವಾದರೆ, ಕೇಳುಗರು ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿಬಿಡುತ್ತಾರೆ. ಕ್ಯಾಸೆಟ್ಟಿನಲ್ಲಿ ಈ ಅನುಕೂಲ ಯಾರೂ ಕೇಳದೆಯೇ ಇತ್ತು, ಟೇಪು ನಿಂತಲ್ಲೇ ನಿಂತಿರುತ್ತಿತ್ತು.

ಡಿಎಫ್‌ಪ್ಲೇಯರ್ ಇಲ್ಲಿ ಸೋಲುತ್ತದೆ. ಕರೆಂಟು ಹೋದೊಡನೆ ಅದು ಎಲ್ಲವನ್ನೂ ಮರೆಯುತ್ತದೆ, ಫೈಲಿನ ನಡುವಿನ ಒಂದು ಜಾಗಕ್ಕೆ ಹೋಗು ಎಂದು ಹೇಳುವ ಆಜ್ಞೆಯೂ ಅದರಲ್ಲಿಲ್ಲ. ಆದರೂ ಅದನ್ನೇ ಬಳಸಬೇಕೆಂದಿದ್ದರೆ ಒಂದು ಉಪಾಯವಿದೆ. ಉದ್ದದ ಫೈಲನ್ನು ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಹತ್ತತ್ತು ನಿಮಿಷಗಳ ತುಂಡುಗಳಾಗಿ ಕತ್ತರಿಸಿ, ಮೂರು ಗಂಟೆಯ ಪ್ರಸಂಗವನ್ನು ಹದಿನೆಂಟು ಫೈಲುಗಳನ್ನಾಗಿ ಮಾಡಿ, ಜೊತೆಗೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು ಇಟ್ಟು, ಈಗ ನುಡಿಯುತ್ತಿರುವ ತುಂಡಿನ ಸಂಖ್ಯೆಯನ್ನು ಕರೆಂಟು ಹೋದರೂ ಮರೆಯದ ಅದರ ಇಇಪ್ರಾಮ್‌ನಲ್ಲಿ ಬರೆದಿಡುವಂತೆ ಮಾಡಿದರೆ, ಮತ್ತೆ ಹಾಕಿದಾಗ ಹೆಚ್ಚೆಂದರೆ ಹತ್ತು ನಿಮಿಷ ಹಿಂದಿನಿಂದ ಶುರುವಾಗುತ್ತದೆ. ಅರ್ಥಗಾರಿಕೆಗೆ ಇದು ಸಾಕು. ಹತ್ತು ನಿಮಿಷ ಮತ್ತೆ ಕೇಳಿದರೆ ನಷ್ಟವೇನಿಲ್ಲ. ಹಿಂದೂಸ್ಥಾನಿಯ ಖಯಾಲ್ ಗಾಯನಕ್ಕೆ ಸಾಲದು. ತುಂಡಿನಿಂದ ತುಂಡಿಗೆ ಹೋಗುವಾಗ ಬರುವ ಸಣ್ಣ ಅಂತರದಲ್ಲಿ ತಂಬೂರಿಯ ಶ್ರುತಿ ಕಡಿದುಹೋಗುತ್ತದೆ, ಮತ್ತು ವಿಲಂಬಿತದ ನಡುವೆ ಅದು ಕಿವಿಗೆ ಚುಚ್ಚುತ್ತದೆ. ಗದಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಧ್ವನಿಮುದ್ರಣಗಳಂಥವನ್ನು ಸಂಗ್ರಹಿಸಿಟ್ಟವರು ಈ ದಾರಿಯನ್ನು ಯೋಚಿಸಲೇಬಾರದು.

ಇಎಸ್‌ಪಿ32ರಲ್ಲಿ ಫೈಲಿನೊಳಗಿನ ಸ್ಥಾನವನ್ನು ಓದಿ ಅದನ್ನು ಫ್ಲ್ಯಾಷ್ ಮೆಮೊರಿಯಲ್ಲಿ ಉಳಿಸಬಹುದು. ಫ್ಲ್ಯಾಷಿಗೆ ಬರೆಯುವ ಸಲಗಳಿಗೆ ಮಿತಿ ಇರುವುದರಿಂದ ಪ್ರತಿ ಸೆಕೆಂಡಿಗೂ ಬರೆಯುವ ಅತ್ಯುತ್ಸಾಹ ಬೇಡ. ನಿಲ್ಲಿಸಿದಾಗ ಒಮ್ಮೆ, ನುಡಿಯುತ್ತಿರುವಾಗ ನಿಮಿಷಕ್ಕೊಮ್ಮೆ ಬರೆದರೆ ಸಾಕು. ಗೋಡೆಯ ಸ್ವಿಚ್ಚನ್ನು ಹಾಗೆಯೇ ಆರಿಸಿದರೂ ಕಳೆದುಹೋಗುವುದು ಒಂದು ನಿಮಿಷಕ್ಕಿಂತ ಕಡಿಮೆ.

ಪೈಯಲ್ಲಿ ವಿಷಯ ಸ್ವಲ್ಪ ಸೂಕ್ಷ್ಮ. ಎಂಪಿಡಿ ತನ್ನ ಸ್ಥಿತಿಯನ್ನು ಒಂದು ಫೈಲಿನಲ್ಲಿ ತಾನೇ ಬರೆದಿಡುತ್ತದೆ, ಕ್ರಮವಾಗಿ ಆರಿಸಿದರೆ ಮತ್ತೆ ಅಲ್ಲಿಂದಲೇ ಎದ್ದೇಳುತ್ತದೆ. ಆದರೆ ಹಿರಿಯರು ಕ್ರಮವಾಗಿ ಆರಿಸುವುದಿಲ್ಲ, ಪ್ಲಗ್ ಕೀಳುತ್ತಾರೆ. ಹಾಗೆ ಕಿತ್ತಾಗ ಕಾರ್ಡಿನ ಫೈಲ್ ವ್ಯವಸ್ಥೆ ಕೆಡದಿರಲೆಂದು ಓವರ್‌ಲೇ ಎಂಬ ಸೌಲಭ್ಯದಿಂದ ಕಾರ್ಡನ್ನು ಓದಲಷ್ಟೇ ಬರುವಂತೆ ಮಾಡುವುದು ವಾಡಿಕೆ, ಅದಕ್ಕೆ ಪೈಯ ಸೆಟ್ಟಿಂಗುಗಳ ತಂತ್ರಾಂಶವಾದ ರಾಸ್ಪಿ-ಕಾನ್ಫಿಗ್‌ನಲ್ಲೇ ಆಯ್ಕೆ ಇದೆ. ಆಗ ಕಾರ್ಡು ಉಳಿಯುತ್ತದೆ, ಆದರೆ ಎಂಪಿಡಿ ಬರೆದ ಗುರುತೂ ಮರುಪ್ರಾರಂಭದಲ್ಲಿ ಮಾಯವಾಗುತ್ತದೆ! ಎರಡೂ ಬೇಕೆಂದರೆ ಆ ಒಂದು ಫೈಲಿಗೆ ಬರೆಯಲು ಬರುವ ಪುಟ್ಟ ಪ್ರತ್ಯೇಕ ಪಾರ್ಟಿಷನ್ ಮಾಡಬೇಕು. ಅದರ ಬದಲು ಪೈಗೆ ಆರಿಸುವ ಗುಂಡಿಯೊಂದನ್ನು ಕೊಡುವುದೂ ಒಂದು ದಾರಿ: ಜಿಪಿಐಓ 3 ಎಂಬ ಪಿನ್ನಿಗೆ ಗುಂಡಿ ಬೆಸೆದು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಅದೇ ಗುಂಡಿ ಪೈಯನ್ನು ಆರಿಸುತ್ತದೆ, ಆರಿದ ಪೈಯನ್ನು ಎಬ್ಬಿಸುತ್ತದೆ ಕೂಡ. ಬೇರೆ ಪಿನ್ನುಗಳಿಗೆ ಎಬ್ಬಿಸುವ ಈ ಗುಣವಿಲ್ಲ.

ಪರದೆಯ ಮೇಲೆ ಕನ್ನಡ

ಮಾರ್ಗದರ್ಶಿಗಳಲ್ಲಿ ಅಪರೂಪಕ್ಕೆ ಕಾಣುವ, ನಮ್ಮಂಥ ಲಿಪಿಯವರನ್ನು ಕಾಡುವ ಸಮಸ್ಯೆ ಇದು. ಇಎಸ್‌ಪಿ32ಗೆ 128×64 ಚುಕ್ಕೆಗಳ ಓಲೆಡ್ ಪರದೆ ಜೋಡಿಸಿ ಹಾಡಿನ ಹೆಸರನ್ನು ಕನ್ನಡದಲ್ಲಿ ತೋರಿಸ ಹೊರಟರೆ, ಸಾಮಾನ್ಯ ಲೈಬ್ರರಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತವೆಯೇ ಹೊರತು ಒತ್ತಕ್ಷರವನ್ನು ಕೆಳಗೆ ಇಳಿಸುವುದಿಲ್ಲ. ಷಕಾರಕ್ಕೆ ಣಕಾರದ ಒತ್ತು ಬಾರದೆ, ಬಿಡಿ ಷಕಾರ, ಬಿಡಿ ಣಕಾರ, ನಡುವೆ ಒಂಟಿ ಅರ್ಧಾಕ್ಷರದ ಚಿಹ್ನೆ ಹೀಗೆ ಕೃಷ್ಣ ಚೆಲ್ಲಾಪಿಲ್ಲಿಯಾಗಿ ಕಾಣುತ್ತಾನೆ. ಪೈಯಲ್ಲಿ ಈ ತೊಂದರೆಯಿಲ್ಲ, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಲಿನಕ್ಸಿನಲ್ಲಿ ಸಿಗುತ್ತದೆ. ಪೈಥಾನಿನ ಪಿಲ್ಲೋ ಎಂಬ ಚಿತ್ರ ಲೈಬ್ರರಿಯ ಮೂಲಕ ಬರೆಯುವವರು ಅದಕ್ಕೆ ರಾಕ್ಮ್ ಎಂಬ ಅಕ್ಷರ ಜೋಡಣೆಯ ಬೆಂಬಲ ಸೇರಿದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿಯೂ ಇದೇ ಪಾಡು.

ಇಎಸ್‌ಪಿ32ಗೆ ಒಳ್ಳೆಯ ಪರಿಹಾರವೆಂದರೆ, ಹೆಸರುಗಳನ್ನು ಕಂಪ್ಯೂಟರಿನಲ್ಲೇ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲಿ ಚಿತ್ರಗಳಾಗಿ ಬರೆಸಿ ಹಾಡಿನ ಪಕ್ಕದಲ್ಲೇ ಕಾರ್ಡಿನಲ್ಲಿ ಇಡುವುದು. ಕಪ್ಪು-ಬಿಳುಪಿನ 128×64 ಚಿತ್ರಕ್ಕೆ ಬೇಕಾಗುವುದು ಕೇವಲ 1024 ಬೈಟು, ಸಾವಿರ ಹಾಡುಗಳಿಗೂ ಒಂದು ಎಂಬಿ ಮಾತ್ರ. ಹಾಗಿದ್ದರೂ ಅಜ್ಜಿಗಾಗಿ ಕಟ್ಟುವ ಪ್ಲೇಯರಿಗೆ ಪರದೆಯೇ ಬೇಡ ಎಂದು ನನ್ನ ಅಭಿಪ್ರಾಯ. ಒಂದು ಇಂಚಿನೊಳಗಿನ ಆ ಪರದೆಯನ್ನು ಓದಲು ಕನ್ನಡಕ ಹುಡುಕಬೇಕು. ಗುಂಡಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿಗೆ ಕನ್ನಡಕ ಬೇಡ, ಕರೆಂಟೂ ಬೇಡ.

ಕೈಗೆ ಸಿಗುವ ಭಾಗಗಳು

ವಾಲ್ಯೂಮಿಗೆ ಎರಡು ಬಗೆಯ ನಾಬುಗಳಿವೆ. ಹಳೆಯ ರೇಡಿಯೋದ ಪೊಟೆನ್ಶಿಯೋಮೀಟರು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿ ನಿಲ್ಲುತ್ತದೆ, ಆದ್ದರಿಂದ ಕಣ್ಣಿಗೇ ಸದ್ದು ಎಷ್ಟಿದೆ ಎಂದು ಗೊತ್ತಾಗುತ್ತದೆ. ಸ್ವಿಚ್ಚು ಹಾಕುವ ಮೊದಲೇ ಕಡಿಮೆ ಮಾಡಿಡಬಹುದು. ರೋಟರಿ ಎನ್‌ಕೋಡರು ಕಟಕಟನೆ ಎಷ್ಟು ಸುತ್ತಾದರೂ ತಿರುಗುತ್ತದೆ, ಒತ್ತಿದರೆ ಗುಂಡಿಯೂ ಆಗುತ್ತದೆ, ಹಾಡಿನ ಪಟ್ಟಿಯಲ್ಲಿ ಓಡಾಡಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಈಗಿನ ಸದ್ದು ಎಷ್ಟೆಂದು ಅದು ಹೇಳುವುದಿಲ್ಲ. ಹಿರಿಯರ ವಾಲ್ಯೂಮಿಗೆ ಪೊಟೆನ್ಶಿಯೋಮೀಟರು, ಪಟ್ಟಿ ಹುಡುಕುವ ನಮ್ಮಂಥವರಿಗೆ ಎನ್‌ಕೋಡರು ಎಂಬುದು ನನ್ನ ನಿಲುವು, ಅದರಲ್ಲಿ ನನಗೆ ಅನುಮಾನವಿಲ್ಲ. ಸಮುದ್ರದ ಗಾಳಿಯ ಊರಿನಲ್ಲಿ ಬಯಲಾಗಿರುವ ಅಗ್ಗದ ಪೊಟೆನ್ಶಿಯೋಮೀಟರು ಒಂದೆರಡು ಮಳೆಗಾಲ ಕಳೆದರೆ ಕರಕರ ಎನ್ನತೊಡಗುತ್ತದೆ, ಹಾಗಾಗಿ ಮುಚ್ಚಿದ ಬಗೆಯದನ್ನೇ ಕೇಳಿ ತರಬೇಕು. ಆಂಪ್ಲಿಫೈಯರಿನ ದಾರಿಯಲ್ಲೇ ಕೂರಿಸುವುದಾದರೆ ಮೈಮೇಲೆ ಎ ಅಕ್ಷರವಿರುವುದು, ಕಂಟ್ರೋಲರಿಗೆ ಓದಿಸುವುದಾದರೆ ಬಿ ಅಕ್ಷರವಿರುವುದು. ಅದಲುಬದಲಾದರೆ ಸದ್ದು ಒಂದೇ ಮೂಲೆಯಲ್ಲಿ ದಬಕ್ಕನೆ ಏರುತ್ತದೆ.

ಬೋರ್ಡಿನ ಪಿನ್ನುಗಳ ಆಯ್ಕೆ ಇಲ್ಲಿ ಸೇರಿಕೊಳ್ಳುತ್ತದೆ. ಪೈಗೆ ಪೊಟೆನ್ಶಿಯೋಮೀಟರನ್ನು ಓದಲು ಬರುವುದೇ ಇಲ್ಲ, ಎಂಸಿಪಿ3008ರಂಥ ಹೆಚ್ಚುವರಿ ಚಿಪ್ಪು ಬೇಕು. ಎನ್‌ಕೋಡರು ಮಾತ್ರ ನೇರವಾಗಿ ನಡೆಯುತ್ತದೆ. ಧ್ವನಿಯ ಮಾಡ್ಯೂಲಿಗೆ ಜಿಪಿಐಓ 18, 19, 21 ಹೋಗುವುದರಿಂದ ಗುಂಡಿಗಳನ್ನು ಅಲ್ಲಿ ಇಡಬಾರದು. ಇಎಸ್‌ಪಿ32 ಪೊಟೆನ್ಶಿಯೋಮೀಟರನ್ನು ಓದುತ್ತದೆ, ಆದರೆ ವೈಫೈ ಓಡುತ್ತಿರುವಾಗ 32ರಿಂದ 39ರವರೆಗಿನ ಪಿನ್ನುಗಳಲ್ಲಿ ಮಾತ್ರ. ಅದರಲ್ಲೂ 34ರಿಂದ 39ರವರೆಗಿನವುಗಳಿಗೆ ಗುಂಡಿ ಒತ್ತದಿರುವಾಗ ಪಿನ್ನನ್ನು ಸ್ಥಿರವಾಗಿಡುವ ಒಳಗಿನ ಪುಲ್-ಅಪ್ ರೆಸಿಸ್ಟರ್ ಇಲ್ಲ; ಅಲ್ಲಿಗೆ ಗುಂಡಿಯನ್ನು ಹಾಗೆಯೇ ಬೆಸೆದರೆ ಯಾರೂ ಮುಟ್ಟದಿದ್ದರೂ ಹಾಡುಗಳು ತಾವಾಗಿಯೇ ಓಡುತ್ತವೆ, ಹೊರಗಿನಿಂದ 10 ಕಿಲೋ-ಓಮ್ ಕೊಡಬೇಕು. ಪಿನ್ 12ಕ್ಕೆ ಏನನ್ನೂ ಜೋಡಿಸದಿರುವುದು ಜಾಣತನ: ಎದ್ದೇಳುವ ಕ್ಷಣದಲ್ಲಿ ಆ ಪಿನ್ನಿನ ವೋಲ್ಟೇಜು ಮೇಲಿದ್ದರೆ ಫ್ಲ್ಯಾಷಿನ ವೋಲ್ಟೇಜು ತಪ್ಪಿ ಬೋರ್ಡು ಏಳುವುದೇ ಇಲ್ಲ.

ಹಾಡುಗಳ ವಿಂಗಡಣೆಗೆ ನನಗೆ ಬಹಳ ಇಷ್ಟವಾದದ್ದು ಹನ್ನೆರಡು ಸ್ಥಾನಗಳ ರೋಟರಿ ಸ್ವಿಚ್ಚು, ಹಳೆಯ ರೇಡಿಯೋಗಳ ಬ್ಯಾಂಡ್ ಸ್ವಿಚ್ಚಿನ ಬಗೆಯದು. ಸುಪ್ರಭಾತ, ದಾಸರ ಪದ, ಭಾವಗೀತೆ, ತಾಳಮದ್ದಳೆ ಎಂದು ಸುತ್ತಲೂ ಬರೆದು, ಒಂದೊಂದು ಸ್ಥಾನಕ್ಕೆ ಒಂದೊಂದು ಫೋಲ್ಡರನ್ನು ಕೊಟ್ಟು, ಪ್ರತಿ ಫೋಲ್ಡರಿಗೂ ನಿಲ್ಲಿಸಿದ ಜಾಗವನ್ನು ಬೇರೆ ಬೇರೆಯಾಗಿ ನೆನಪಿಡುವಂತೆ ಮಾಡಿದರೆ, ಬೆಳಿಗ್ಗೆ ಸುಪ್ರಭಾತ ಕೇಳಿ ಮಧ್ಯಾಹ್ನ ತಾಳಮದ್ದಳೆಗೆ ತಿರುಗಿಸಿದವರಿಗೆ ನಿನ್ನೆಯ ಸಂವಾದ ಅಲ್ಲಿಂದಲೇ ಮುಂದುವರಿಯುತ್ತದೆ. ಹನ್ನೆರಡು ತಂತಿಗಳಿಗೆ ಹನ್ನೆರಡು ಪಿನ್ನು ಬೇಕಿಲ್ಲ. ಸ್ಥಾನಗಳ ನಡುವೆ ಒಂದೇ ಬೆಲೆಯ ರೆಸಿಸ್ಟರುಗಳನ್ನು ಸಾಲಾಗಿ ಬೆಸೆದು ಒಂದೇ ಪಿನ್ನಿನಲ್ಲಿ ವೋಲ್ಟೇಜು ಓದಬಹುದು.

ಮಕ್ಕಳಿಗಾದರೆ ಕಾರ್ಡು ಇಟ್ಟರೆ ಹಾಡುವ ಬಗೆ ಒಳ್ಳೆಯದು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ ಕಲಿಯುವ ಮಗು ಆನೆಯ ಚಿತ್ರವಿರುವ ಕಾರ್ಡನ್ನು ಪೆಟ್ಟಿಗೆಯ ಮೇಲಿಟ್ಟು ಆನೆಯ ಕನ್ನಡ ಪದ್ಯ ಕೇಳುತ್ತದೆ, ಅದಕ್ಕೆ ಓದು ಬರಬೇಕಾಗಿಲ್ಲ. ಆರ್‌ಸಿ522 ಎಂಬ ಓದುಗ ಮಾಡ್ಯೂಲು 13.56 ಮೆಗಾಹರ್ಟ್ಸಿನ ಕಾರ್ಡುಗಳನ್ನು ಕೆಲವು ಸೆಂಟಿಮೀಟರ್ ಹತ್ತಿರದಿಂದ ಓದುತ್ತದೆ. 125 ಕಿಲೋಹರ್ಟ್ಸಿನ ಹಳೆಯ ಆಫೀಸ್ ಐಡಿ ಕಾರ್ಡುಗಳು ಇದಕ್ಕೆ ಆಗುವುದಿಲ್ಲ. ಮೆಮೊರಿ ಕಾರ್ಡಿನ ಅಗ್ಗದ ಮಾಡ್ಯೂಲುಗಳು ತಮ್ಮ ಸರದಿ ಮುಗಿದರೂ ದತ್ತಾಂಶದ ತಂತಿಯನ್ನು ಬಿಟ್ಟುಕೊಡದಿರುವುದು ಹೆಚ್ಚು, ಆದ್ದರಿಂದ ಇವೆರಡನ್ನೂ ಒಂದೇ ಎಸ್‌ಪಿಐ (ದತ್ತಾಂಶ ಸಾಗಿಸುವ) ತಂತಿಗಳ ಮೇಲೆ ಹಾಕದೆ ಇಎಸ್‌ಪಿ32ರ ಎರಡು ಪ್ರತ್ಯೇಕ ಎಸ್‌ಪಿಐಗಳನ್ನು ಬಳಸಬೇಕು. ಸ್ಟೀಲಿನ ಡಬ್ಬಿ ನೋಡಲು ಎಷ್ಟು ಚೆಂದವಿದ್ದರೂ ಅದರೊಳಗಿಂದ ಕಾರ್ಡೂ ಓದಲಾಗದು, ವೈಫೈಯೂ ಬರದು.

ಧ್ವನಿ ಹೊರಬರುವ ದಾರಿ

ಒಂದು ಸ್ಪೀಕರು ಸಾಕೆಂದರೆ ಮ್ಯಾಕ್ಸ್98357 ಎಂಬ ಮಾಡ್ಯೂಲು: ಡಿಜಿಟಲ್ ಸಂಕೇತ ಒಳಗೆ, 3 ವ್ಯಾಟಿನವರೆಗೆ ಸ್ಪೀಕರಿಗೆ ಹೊರಗೆ, ನಡುವೆ ಬೇರೇನೂ ಬೇಡ. ಮನೆಯ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸುವುದಾದರೆ ಪಿಸಿಎಂ5102. ಇದು ಲೈನ್ ಔಟ್ ಮಾತ್ರ, ಹೆಡ್‌ಫೋನನ್ನು ನೇರವಾಗಿ ಓಡಿಸಲು ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಇದರ ಸಾಮಾನ್ಯ ಹಲಗೆಯಲ್ಲಿ ಎಸ್‌ಸಿಕೆ ಎಂಬ ಪಿನ್ನನ್ನು ಗ್ರೌಂಡಿಗೆ ಬೆಸೆಯದಿದ್ದರೆ ಸದ್ದೇ ಬರುವುದಿಲ್ಲ ಅಥವಾ ಗೊರಗೊರ ಬರುತ್ತದೆ. ಮಾಡ್ಯೂಲು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯುವ ಮೊದಲು ಆ ಒಂದು ಹನಿ ಬೆಸುಗೆಯನ್ನು ನೋಡಬೇಕು. ಡಿಎಫ್‌ಪ್ಲೇಯರಿನ ಸ್ಪೀಕರ್ ತಂತಿಗಳೆರಡರಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬಾರದು, ಹೆಡ್‌ಫೋನಿನ ಜಾಕನ್ನೂ ಅಲ್ಲಿಗೆ ಕೊಡಬಾರದು. ಸ್ಪೀಕರಿನ ಬಗ್ಗೆ ಹೇಳುವುದಾದರೆ, ಮಾಡ್ಯೂಲಿಗಿಂತ ಸ್ಪೀಕರು ಮತ್ತು ಅದು ಕೂರುವ ಮರದ ಪೆಟ್ಟಿಗೆಗೆ ಹಣ ಹಾಕುವುದು ಹೆಚ್ಚು ಫಲ ಕೊಡುತ್ತದೆ. ಹಳೆಯ ಸಾಮಾನು ಸಿಗುವ ಚೋರ್ ಬಜಾರಿನಲ್ಲಿ ಕೆಟ್ಟ ರೇಡಿಯೋದ ಕ್ಯಾಬಿನೆಟ್ಟು ಸಿಕ್ಕರೆ ಎರಡೂ ಒಟ್ಟಿಗೆ ಮುಗಿದವು.

ಕರೆಂಟು

ಒಂದೇ ಕಡೆ ಕೂರುವ ಪ್ಲೇಯರಿಗೆ ಒಳ್ಳೆಯ 5 ವೋಲ್ಟಿನ ಅಡಾಪ್ಟರೇ ಉತ್ತಮ, ಬ್ಯಾಟರಿ ಬೇಡ. ಬ್ಯಾಟರಿ ಬೇಕೇಬೇಕೆಂದರೆ 18650 ಅಳತೆಯ ಲಿಥಿಯಮ್ ಸೆಲ್ಲು ಮತ್ತು ರಕ್ಷಣಾ ಚಿಪ್ಪು ಇರುವ ಟಿಪಿ4056 ಚಾರ್ಜರ್ ಹಲಗೆ ಸಾಕು. ಆ ಅಳತೆಯ ಒಳ್ಳೆಯ ಸೆಲ್ಲಿನ ಸಾಮರ್ಥ್ಯ 3500 ಮಿಲಿಆಂಪಿಯರ್-ಗಂಟೆಯ ಆಸುಪಾಸು. ಮೈಮೇಲೆ 9900 ಎಂದು ಅಚ್ಚಾಗಿದ್ದರೆ ಅಂಥದ್ದನ್ನು ಮನೆಗೆ ತರಬಾರದು. ಪವರ್ ಬ್ಯಾಂಕು ಸುಲಭವೆನಿಸಿದರೂ, ಹಾಡು ನಿಂತು ಬಳಕೆ ಕಡಿಮೆಯಾದಾಗ ಹಲವು ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ. ಇಎಸ್‌ಪಿ32 ಚಿಪ್ಪು ನಿದ್ದೆಯಲ್ಲಿ ಹತ್ತಾರು ಮೈಕ್ರೋಆಂಪಿಯರಿಗೆ ಇಳಿಯುತ್ತದೆ ಎಂಬುದನ್ನು ನಂಬಿ ಸ್ವಿಚ್ಚನ್ನೇ ಹಾಕದವರಿದ್ದಾರೆ, ಆದರೆ ಡೆವಲಪ್‌ಮೆಂಟ್ ಬೋರ್ಡಿನ ರೆಗ್ಯುಲೇಟರು ಮತ್ತು ದೀಪ ನಿದ್ದೆ ಮಾಡುವುದಿಲ್ಲ. ಅವು 5 ಮಿಲಿಆಂಪಿಯರ್ ಕುಡಿದರೂ 2600ರ ಸೆಲ್ಲು ಮೂರು ವಾರಗಳಲ್ಲಿ ಬರಿದಾಗುತ್ತದೆ.

ಕೊಳ್ಳುವ ಮುನ್ನ

ದಿನವೂ ಒಂದೇ ಹೊತ್ತಿಗೆ ಸುಪ್ರಭಾತ ಹಾಕುವ ಹೋಟೆಲಿನ ಕ್ಯಾಷ್ ಕೌಂಟರಿಗೆ ನಾನು ಡಿಎಫ್‌ಪ್ಲೇಯರನ್ನೇ ಹೇಳುತ್ತೇನೆ. ಸ್ವಿಚ್ಚು ಹಾಕಿದ ಕೂಡಲೇ ಅದು ತಾನಾಗಿ ಹಾಡಲು ತೊಡಗುವುದಿಲ್ಲವಾದ್ದರಿಂದ ‘ನುಡಿಸು’ ಎಂದು ಹೇಳುವ ಪುಟ್ಟ ಕಂಟ್ರೋಲರನ್ನು ಜೊತೆಗಿಡಬೇಕು, ಮತ್ತು ಕಾರ್ಡನ್ನು ಓದಿಕೊಳ್ಳಲು ಮೂರು ಸೆಕೆಂಡು ಬಿಟ್ಟು ಹೇಳಬೇಕು. ತಾಳಮದ್ದಳೆಗೂ ಮಕ್ಕಳ ಕಾರ್ಡುಗಳಿಗೂ ಇಎಸ್‌ಪಿ32. ಹಿಂದೂಸ್ಥಾನಿ ಸಂಗೀತದ ದೊಡ್ಡ ಫ್ಲ್ಯಾಕ್ ಸಂಗ್ರಹವಿದ್ದು, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಶ್ರುತಿ ಕಡಿಯದೆ ಹೋಗಬೇಕು, ರೇಡಿಯೋವೂ ಬೇಕು ಎನ್ನುವವರಿಗೆ, ಜೊತೆಗೆ ಲಿನಕ್ಸಿನ ಅಭ್ಯಾಸವೂ ಇದ್ದರೆ, ಪೈ. ಯಾವುದೆಂದು ತೋಚದವರು ಇಎಸ್‌ಪಿ32ರಿಂದಲೇ ಶುರುಮಾಡಲಿ.

ಲ್ಯಾಮಿಂಗ್ಟನ್ ರೋಡಿನ ಬಹುತೇಕ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಶನಿವಾರವೇ ಹೋಗುವುದು ಲೇಸು; ಪುಣೆಯವರಿಗೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ ಇದೆ. ಬೋರ್ಡನ್ನು ಆಮೇಲೆ ಆನ್‌ಲೈನಿನಲ್ಲಿ ತರಿಸಿಕೊಂಡರೂ ನಡೆಯುತ್ತದೆ, ಆದರೆ ಸ್ವಿಚ್ಚು ಮತ್ತು ನಾಬುಗಳನ್ನು ಕೈಯಿಂದ ತಿರುಗಿಸಿ ನೋಡದೆ ಕೊಳ್ಳಬಾರದು. ಸಾಧ್ಯವಿದ್ದರೆ ಬಳಸುವವರನ್ನೇ ಕರೆದುಕೊಂಡು ಹೋಗಬೇಕು. ಗಂಟು ನೋವಿರುವ ಬೆರಳಿಗೆ ರೋಟರಿ ಸ್ವಿಚ್ಚಿನ ಬಿಗಿ ಎಷ್ಟು ಎಂಬುದನ್ನು ನಾವು ಊಹಿಸಲಾರೆವು. ಸ್ವಿಚ್ಚು ಬಿಗಿ ಎನಿಸಿದರೆ ದಂಡ ಅದೇ ಇಟ್ಟು ನಾಬನ್ನು ದೊಡ್ಡದಾಗಿಸಿದರೆ ತಿರುಗಿಸುವುದು ಹಗುರಾಗುತ್ತದೆ. ಹಾಗೆ ಬೇರೆ ನಾಬು ಆರಿಸುವಾಗ ದಂಡದ ತುದಿ ನೋಡಬೇಕು: ಎರಡೂ 6 ಮಿಲಿಮೀಟರೇ ಆದರೂ ಒಂದು ಬದಿ ಚಪ್ಪಟೆ ಕತ್ತರಿಸಿದ ದಂಡಕ್ಕೆ ಬೇರೆ ನಾಬು, ಸುತ್ತಲೂ ಹಲ್ಲಿರುವ ದಂಡಕ್ಕೆ ಬೇರೆ ನಾಬು. ಪಕ್ಕದಲ್ಲಿ ಪುಟ್ಟ ಸ್ಕ್ರೂ ಇರುವ ಅಲ್ಯೂಮಿನಿಯಮ್ ನಾಬಾದರೆ ಎರಡಕ್ಕೂ ಕೂರುತ್ತದೆ, ಆದರೆ ಆ ಸ್ಕ್ರೂವಿಗೆ ಬೇಕಾದ ಸಣ್ಣ ಅಲೆನ್ ಕೀಯನ್ನು ಅಲ್ಲೇ ಕೇಳಿ ಪಡೆದುಕೊಳ್ಳಬೇಕು.